ಮೂರನೇ ಗ್ರ್ಯಾಂಡ್‌ಮಾಸ್ಟರು ಎಲ್ಲಿ ಹೋದರು

ಮನೆಯಲ್ಲಿ ಒಬ್ಬರು ಚೆಸ್ ಆಡುತ್ತಾರೆ ಅಂದರೆ ಆ ಮನೆ ಶಾಂತವಾಗಿರುತ್ತದೆ ಅಂತ ಜನ ತಿಳಿದುಕೊಂಡಿದ್ದಾರೆ. ಶುದ್ಧ ಸುಳ್ಳು. ಆಡುವವಳು ಶಾಂತವಾಗಿ ಕೂತಿರುತ್ತಾಳೆ, ಉಳಿದವರು ಬೆವರುತ್ತಿರುತ್ತೇವೆ. ಬೆವರುವವರ ಮನೆಯಲ್ಲಿ ಎಡವಟ್ಟುಗಳಿಗೆ ಬರವಿಲ್ಲ. ಸದ್ಯ ಒಂದು ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಗೇಟು ತೆಗೆದುಕೊಂಡು ಒಳಗೆ ಬಂದಿರುತ್ತದೆ.

ನಾವಿರುವುದು ದಟ್ಟಗಳ್ಳಿಯಲ್ಲಿ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತೇನೆ. ನಮ್ಮೆಜಮಾನರು ಹೊಸ ಮನೆಗಳಿಗೆ ವೈರಿಂಗ್ ಕೆಲಸ ಹಿಡಿಯುತ್ತಾರೆ. ಜೊತೆಯಲ್ಲಿ ಮಾವ ಇದ್ದಾರೆ. ನಂಜನಗೂಡಿನ ಕಡೆ ಬೇಸಾಯ ಮಾಡಿಕೊಂಡಿದ್ದವರು, ಈಗ ವರಾಂಡದಲ್ಲಿ ಕೂತು ಬೀದಿಯ ಬೇಸಾಯ ನೋಡಿಕೊಳ್ಳುತ್ತಾರೆ. ಒಬ್ಬಳೇ ಮಗಳು, ಡಿಗ್ರಿ ಮುಗಿಸಿ ಚೆಸ್ಸನ್ನೇ ಹಿಡಿದು ಕೂತವಳು. ಅವಳಿಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಬೇಕು. ಅವಳಿಗೆ ಅದು ಬಂದು ನನ್ನ ಎದೆಯುರಿ ನಿಲ್ಲಬೇಕು, ನನಗಿರುವ ಆಸೆ ಅಷ್ಟೆ. ಡಾಕ್ಟರು ಅದನ್ನು ಗ್ಯಾಸ್ ಅನ್ನುತ್ತಾರೆ. ಅದು ಗ್ಯಾಸ್ ಅಲ್ಲ, ಚೆಸ್ ಅಂತ ನನಗೆ ಗೊತ್ತು.

ಮಗಳಿಗೆ ಆಟ ಕಲಿಸಿದವರು ಮಾವ. ಆದರೆ ಅವರದು ಹಳ್ಳಿಯ ಪದ್ಧತಿ. ಅದರಲ್ಲಿ ಸಿಪಾಯಿ ಮೊದಲ ಸಲವೂ ಒಂದೇ ಮನೆ ನಡೆಯಬೇಕು. ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ನೆಗೆಯಬಹುದು. ಇಷ್ಟು ಹಿಂದೆ ನಿಜವಾಗಿಯೂ ಇತ್ತು ಅಂತ ಬೇರೆಯವರೂ ಹೇಳುತ್ತಾರೆ. ಇದರ ಮೇಲೆ, ಮಾವ ಸೋಲುವ ಹೊತ್ತಿಗೆ ಮಾತ್ರ ಅವರಿಗೆ ನೆನಪಾಗುವ ಕ್ರಮಗಳು ಬೇರೆ ಇವೆ. ಮಗಳು ಚಿಕ್ಕವಳಿದ್ದಾಗ ಇನ್ನೇನು ಗೆದ್ದಳು ಅನ್ನುವಾಗ, ಆನೆ ಸತ್ತ ಮೇಲೆ ಎದುರಿನವರ ಮಂತ್ರಿ ಒಂದು ಸುತ್ತು ಸುಮ್ಮನೆ ಕೂರಬೇಕು ಅನ್ನುತ್ತಿದ್ದರು. ಅದ್ಯಾವ ರೂಲ್ಸು ತಾತ ಅಂದರೆ, ನಮ್ಮೂರ ಪದ್ಧತಿ. ಆಮೇಲೆ ಕೋಚ್ ಹತ್ತಿರ ಸೇರಿಸಿದಾಗ ಅವರು ಈ ಮಗುವಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಅಂತ ಆಶ್ಚರ್ಯಪಟ್ಟರು. ಎಲ್ಲಿಂದ ಬಂತು ಅಂತ ಹೇಳಲು ನನಗೆ ನಾಚಿಕೆಯಾಯಿತು.

ಎದುರುಮನೆಯವರ ಅನುಮಾನ

ನಮ್ಮ ಎದುರುಮನೆಯಾಕೆ ಒಳ್ಳೆಯವರೇ. ಆದರೆ ಸಿಕ್ಕಾಗಲೆಲ್ಲ, ನಿಮ್ಮ ಹುಡುಗಿಗೆ ಆ ಪಟ್ಟ ಇನ್ನೂ ಆಗಲಿಲ್ವಾ ಅಂತ ಕೇಳುತ್ತಾರೆ. ಹಾಲಿನ ಅಂಗಡಿಯಲ್ಲಿ ಕೇಳುತ್ತಾರೆ, ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಅಲ್ಲಿಂದಲೇ ಕೇಳುತ್ತಾರೆ. ಒಂದು ಬೆಳಿಗ್ಗೆ ಕಸದ ಗಾಡಿಗೆ ಕಾಯುತ್ತಾ ಇಬ್ಬರೂ ಬಕೆಟ್ ಹಿಡಿದು ನಿಂತಿದ್ದೆವು. ಅವತ್ತು ನನ್ನೊಳಗಿನ ಟೀಚರು ಎದ್ದು ನಿಂತಳು. ಇವತ್ತು ಪೂರ್ತಿ ಪಾಠ ಮಾಡಿಯೇ ಬಿಡೋಣ ಅಂದುಕೊಂಡೆ.

ಪರೀಕ್ಷೆ ಬರೆದು ಪಾಸಾಗುವ ಹಾಗಲ್ಲ ಕಣ್ರೀ ಅಂತ ಶುರುಮಾಡಿದೆ. ರೇಟಿಂಗ್ ಅಂತ ಒಂದಿರುತ್ತದೆ, ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ಅದು ಒಂದು ಸಲವಾದರೂ ಎರಡು ಸಾವಿರದ ಐನೂರು ಮುಟ್ಟಬೇಕು. ಅದನ್ನು ನಮ್ಮವಳು ಮುಟ್ಟಿದ್ದಾಳೆ. ಅದೂ ಸಾಲದು. ಮೂರು ಟೂರ್ನಿಗಳಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದವರು ಆಡುವ ಮಟ್ಟಕ್ಕೆ ಆಡಿ ತೋರಿಸಬೇಕು. ಒಂದೊಂದಕ್ಕೂ ನಾರ್ಮ್ ಅನ್ನುತ್ತಾರೆ. ಆ ಟೂರ್ನಿಯಲ್ಲಿ ಅವಳ ಎದುರು ಕೂತು ಆಡಿದವರಲ್ಲಿ ಕಡೇಪಕ್ಷ ಮೂವರು ಆಗಲೇ ಗ್ರ್ಯಾಂಡ್‌ಮಾಸ್ಟರ್ ಆಗಿರಬೇಕು. ಹೊರದೇಶದವರೂ ಇರಬೇಕು. ಎದುರಾಳಿ ಬರದೆ ಇವಳಿಗೆ ಸುಮ್ಮನೆ ಪಾಯಿಂಟ್ ಸಿಕ್ಕಿದರೆ ಅದು ಲೆಕ್ಕಕ್ಕಿಲ್ಲ. ಒಂದು ನಾರ್ಮ್ ಆಗಿದೆ, ಇನ್ನೆರಡು ಆಗಬೇಕು. ಇಷ್ಟೆಲ್ಲ ಆಗಿ ಪಟ್ಟ ಬಂದರೆ ಸಾಯುವ ತನಕ ಅದು ಅವಳದೇ.

ಕಸದ ಗಾಡಿ ಬಂದು ಹಾಡು ಹಾಕಿಕೊಂಡು ಹೋಯಿತು. ಇಬ್ಬರ ಬಕೆಟ್ಟೂ ಹಾಗೇ ಉಳಿಯಿತು. ಆಕೆ ಬಕೆಟ್ ಕೆಳಗಿಟ್ಟರು.

"ಇಷ್ಟೆಲ್ಲ ವಿಚಾರಿಸ್ತಾರಾ?" ಅಂದರು. "ನಮ್ಮ ಹುಡುಗಿಗೆ ಗಂಡು ನೋಡ್ವಾಗ್ಲೂ ನಾವು ಇಷ್ಟು ಕೇಳ್ಲಿಲ್ಲ ಕಣ್ರೀ."

ಮುಖ ನೋಡಿ ಹೇಳುವವರು

ಟೂರ್ನಿ ನಡೆಯುವ ಹಾಲ್ ಒಳಗೆ ಅಪ್ಪ ಅಮ್ಮಂದಿರಿಗೆ ಪ್ರವೇಶವಿಲ್ಲ. ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿರುತ್ತಾರೆ. ಅಲ್ಲಿ ಕೂತವರನ್ನು ನೋಡಿದರೆ ಒಳಗೆ ಆಪರೇಷನ್ ನಡೆಯುತ್ತಿದೆ ಅನ್ನಿಸುತ್ತದೆ. ಮಕ್ಕಳು ನೀರು ಕುಡಿಯಲು ಬಾಗಿಲ ಹತ್ತಿರ ಬಂದಾಗ ಎಲ್ಲರೂ ಒಟ್ಟಿಗೆ ಕತ್ತು ಚಾಚಿ ಮುಖ ನೋಡುತ್ತಾರೆ. ಮಾತಾಡಿಸುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ಮುಖ ನೋಡಿ ಏನು ತಿಳಿಯುತ್ತದೋ ಅಷ್ಟು.

ನಮ್ಮೆಜಮಾನರು ಇದರಲ್ಲಿ ತಾವು ಪರಿಣತರು ಅಂದುಕೊಂಡಿದ್ದರು. ಒಂದು ಸಲ ಮಗಳು ಸೋತ ಮುಖ ಹಾಕಿಕೊಂಡು ಹೊರಗೆ ಬಂದಳು. ಇವರು ಓಡಿಹೋಗಿ ಭುಜ ತಟ್ಟಿ, ಸೋಲು ಗೆಲುವು ಇದ್ದದ್ದೇ, ಇವತ್ತಿಗೇ ಪ್ರಪಂಚ ಮುಗಿಯಲಿಲ್ಲ ಅಂತ ಶುರುಮಾಡಿದರು. ಮಸಾಲೆ ದೋಸೆಗೆ ಕರೆದುಕೊಂಡು ಹೋದರು. ದೋಸೆ ಅರ್ಧ ಮುಗಿದ ಮೇಲೆ, ತಾನು ಗೆದ್ದೆ, ಆದರೆ ಸುಲಭವಾಗಿ ಗೆಲ್ಲುವುದನ್ನು ಕಷ್ಟಪಟ್ಟು ಗೆದ್ದೆ, ಅದಕ್ಕೆ ಬೇಜಾರು ಅಂತ ಅವಳು ಹೇಳಿದಳು. ಮಾರನೆಯ ದಿನ ನಗುತ್ತಾ ಬಂದಳು. ಇವರು ದೂರದಿಂದಲೇ ಎರಡೂ ಕೈ ಎತ್ತಿ, ಪಕ್ಕದಲ್ಲಿದ್ದವರಿಗೆಲ್ಲ ಗೆದ್ದಳು ಗೆದ್ದಳು ಅಂದುಬಿಟ್ಟರು. ಅವಳು ಸೋತಿದ್ದಳು. ಎದುರಿನವನು ಕೊನೆಗೆ ಎಷ್ಟು ಚೆನ್ನಾಗಿ ಕುದುರೆ ಬಲಿಕೊಟ್ಟನಪ್ಪ ಅಂತ ಖುಷಿಪಟ್ಟುಕೊಂಡು ಬಂದಿದ್ದಳು.

ಇವರು ಕುರ್ಚಿಯ ಮೇಲೆ ಕುಸಿದರು. ಗೆದ್ದರೆ ಅಳುತ್ತೀಯ, ಸೋತರೆ ನಗುತ್ತೀಯ, ನಾನು ಯಾವ ಮುಖ ನೋಡಲಮ್ಮ ಅಂತ ಕೇಳಿದರು.

"ನೀವು ನನ್ನ ಮುಖ ನೋಡ್ಲೇಬೇಡಿ ಅಪ್ಪ," ಅಂದಳು. "ನೀರು ಕುಡಿಯೋಕೆ ಬಂದಾಗ ನಿಮ್ಮ ಮುಖ ನೋಡಿದ್ರೆ, ಗೆಲ್ತಿದ್ದೋಳಿಗೂ ಸೋತುಬಿಟ್ನಾ ಅನ್ನಿಸುತ್ತೆ."

ನಡುಬೀದಿಯಲ್ಲಿ ರಾಜ

ಎರಡನೆಯ ನಾರ್ಮ್ ಆದದ್ದು ಹೊರದೇಶದಲ್ಲಿ. ನಾವು ಹೋಗಲಿಲ್ಲ. ಅಲ್ಲಿಯ ಹಲಗೆಗಳಿಗೆ ಯಂತ್ರ ಜೋಡಿಸಿರುತ್ತಾರೆ, ಕಾಯಿ ನಡೆಸಿದ ಹಾಗೆ ಇಲ್ಲಿ ನಮ್ಮ ಮೊಬೈಲಿನಲ್ಲಿ ಕಾಣುತ್ತದೆ. ಇದಕ್ಕಿಂತ ದೊಡ್ಡ ಚಿತ್ರಹಿಂಸೆಯನ್ನು ಯಾರೂ ಕಂಡುಹಿಡಿದಿಲ್ಲ. ಕೊನೆಯ ಆಟದ ದಿನ ನಾನು ಸ್ಕೂಲಿಗೆ ರಜೆ ಹಾಕಿ ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟುಕೊಂಡು ಕೂತೆ. ಪಕ್ಕದಲ್ಲಿ ಮಾವ. ಇವರು ಸೈಟಿನಿಂದ ಐದು ನಿಮಿಷಕ್ಕೊಂದು ಸಲ ಫೋನ್ ಮಾಡಿ, ಅದರಿಂದಲೇ ಆಟ ಕಾಣದ ಹಾಗೆ ಮಾಡುತ್ತಿದ್ದರು.

ಆಟ ಉದ್ದಕ್ಕೆ ಎಳೆಯಿತು. ಇದ್ದಕ್ಕಿದ್ದ ಹಾಗೆ ಮಗಳ ರಾಜ ಮೂಲೆಯಿಂದ ಎದ್ದು ಹಲಗೆಯ ನಟ್ಟನಡುವೆ ಬಂದು ನಿಂತ. ಸುತ್ತಲೂ ವೈರಿಯ ಕಾಯಿಗಳು. ರಾಜ ಹಾಗೆ ನಡುವೆ ಬಂದರೆ ಕಥೆ ಮುಗಿದ ಹಾಗೆ ಅಂತ ಅಷ್ಟು ವರ್ಷ ನೋಡಿ ನನಗೂ ಗೊತ್ತಿತ್ತು. ಮಾವನೂ ತಲೆ ಅಲ್ಲಾಡಿಸಿದರು. ನಾನು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಅತ್ತೆ. ಇವರಿಗೆ ಫೋನ್ ಮಾಡಿ ಸೋತಳು ಅಂದೆ. ನನ್ನ ತಂಗಿಗೆ ಹೇಳಿದೆ. ಎದುರುಮನೆಯಾಕೆ ಅಳು ಕೇಳಿ ಬಂದರು, ಅವರಿಗೂ ಹೇಳಿದೆ. ಆಕೆ ಪಾಪ ಕಾಫಿ ಮಾಡಿಕೊಟ್ಟರು.

ಕಾಫಿ ಕುಡಿಯುವಾಗ ಮಗಳ ಫೋನ್ ಬಂತು. ಅಮ್ಮ, ನಾರ್ಮ್ ಆಯ್ತು ಅಂದಳು. ನಾನು ಅಳುತ್ತಲೇ, ಹೋಗಲಿ ಬಿಡು ಕಂದ, ಮುಂದಿನ ಸಲ ನೋಡೋಣ ಅಂದೆ. ಅವಳು ಇನ್ನೊಂದು ಸಲ ಹೇಳಿದಳು. ಆಗ ತಿಳಿಯಿತು. ಅಲ್ಲಿ ಆಟ ಮುಗಿದ ಮೇಲೆ ಆಟಗಾರರೇ ಇಬ್ಬರು ರಾಜರನ್ನೂ ಎತ್ತಿ ಹಲಗೆಯ ನಡುವೆ ನಿಲ್ಲಿಸುತ್ತಾರೆ. ಇಬ್ಬರೂ ಬಿಳಿ ಮನೆಯಲ್ಲಿ ನಿಂತರೆ ಬಿಳಿ ಗೆದ್ದ ಹಾಗೆ, ಇಬ್ಬರೂ ಕಪ್ಪು ಮನೆಯಲ್ಲಿ ನಿಂತರೆ ಕಪ್ಪು ಗೆದ್ದ ಹಾಗೆ, ಒಬ್ಬ ಬಿಳಿಯಲ್ಲಿ ಒಬ್ಬ ಕಪ್ಪಿನಲ್ಲಿ ನಿಂತರೆ ಡ್ರಾ. ಯಂತ್ರಕ್ಕೆ ಫಲಿತಾಂಶ ತಿಳಿಸುವ ಸಂಪ್ರದಾಯ ಅದು. ನಾನು ಅತ್ತದ್ದು ಗೆದ್ದ ರಾಜನನ್ನು ನೋಡಿ.

ಎಲ್ಲರಿಗೂ ಮತ್ತೆ ಫೋನ್ ಮಾಡಿ ಗೆದ್ದಳು ಅಂದೆ. ತಂಗಿ ನಂಬಲಿಲ್ಲ, ಆಘಾತಕ್ಕೆ ಹೀಗೆಲ್ಲ ಮಾತಾಡುತ್ತಿದ್ದೀನಿ ಅಂದುಕೊಂಡಳು. ಮಾವನಿಗೆ ಮಾತ್ರ ಆ ಸಂಪ್ರದಾಯ ಒಪ್ಪಿಗೆಯಾಗಲಿಲ್ಲ.

"ಗೆದ್ದ ರಾಜ ಅರಮನೇಲಿ ಇರ್ಬೇಕು ಕಣವ್ವ," ಅಂದರು. "ನಡುಬೀದೀಲಿ ಯಾಕ್ ನಿಂತ್ಕತಾನೆ?"

ತಾಯತದ ಒಳಗೆ

ಆಮೇಲೆ ಮೂರನೆಯ ನಾರ್ಮಿಗೆ ಕಾದ ಕಾಲ ಇದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಉರಿಯುತ್ತದೆ. ಒಂದು ಕಡೆ ಅರ್ಧ ಪಾಯಿಂಟಿಗೆ ತಪ್ಪಿತು. ಇನ್ನೊಂದು ಕಡೆ ಎದುರಾದ ಗ್ರ್ಯಾಂಡ್‌ಮಾಸ್ಟರುಗಳು ಸಾಲದೆ ತಪ್ಪಿತು. ಮಗಳು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಊಟ ಕಮ್ಮಿ ಮಾಡಿದಳು. ರಾತ್ರಿ ಅವಳ ರೂಮಿನ ದೀಪ ಆರಿದೆಯಾ ಅಂತ ನಾನು ಎದ್ದೆದ್ದು ನೋಡುತ್ತಿದ್ದೆ. ಈ ಹುಡುಗಿಯನ್ನು ನಾವೇ ಎಲ್ಲಿ ತಂದು ನಿಲ್ಲಿಸಿಬಿಟ್ಟೆವೋ ಅಂತ ಭಯವಾಗುತ್ತಿತ್ತು.

ಮಾವ ತಮಗೆ ತೋಚಿದ್ದನ್ನು ಮಾಡಿದರು. ಊರಿಗೆ ಹೋಗಿ ತಾಯತ ಮಾಡಿಸಿಕೊಂಡು ಬಂದು ಮೊಮ್ಮಗಳ ತೋಳಿಗೆ ಕಟ್ಟಿದರು. ತಾತನ ಮನಸ್ಸು ನೋಯಿಸುವುದು ಬೇಡ ಅಂತ ಅವಳು ಕಟ್ಟಿಕೊಂಡೇ ಮುಂದಿನ ಟೂರ್ನಿಗೆ ಹೋದಳು. ಅಲ್ಲಿ ಮೈಯಲ್ಲಿ ಫೋನ್ ಗೀನ್ ಅಡಗಿಸಿಕೊಂಡಿದ್ದಾರಾ ಅಂತ ಯಂತ್ರ ಹಿಡಿದು ತಪಾಸಣೆ ಮಾಡುತ್ತಾರೆ. ತೋಳಿನ ಹತ್ತಿರ ಬಂದಾಗ ಯಂತ್ರ ಕೂಗಿತು. ತೀರ್ಪುಗಾರರು ಗಂಭೀರವಾಗಿ ತಾಯತ ಬಿಚ್ಚಿಸಿ, ಅದರ ಮುಚ್ಚಳ ತೆಗೆದು, ಒಳಗಿದ್ದ ತಗಡಿನ ಸುರುಳಿಯನ್ನು ಬಿಡಿಸಿದರು. ಅದರ ತುಂಬಾ ಚೌಕ ಚೌಕ ಮನೆಗಳು. ಮನೆಯೊಳಗೆ ಒಂದೊಂದು ಅಕ್ಷರ.

ತೀರ್ಪುಗಾರರು ಕನ್ನಡಕ ಹಾಕಿಕೊಂಡರು. ಇದು ಯಾವ ಆಟದ ನಡೆ ಅಂತ ಮಗಳನ್ನು ಕೇಳಿದರು. ಅದು ಯಂತ್ರ, ಕೆಟ್ಟ ದೃಷ್ಟಿ ತಾಗದ ಹಾಗೆ ಬರೆದದ್ದು ಅಂತ ಅವಳು ಹೇಳಿದಳು. ಇನ್ನಿಬ್ಬರು ತೀರ್ಪುಗಾರರನ್ನು ಕರೆದು ತೋರಿಸಿದರು. ಮೂವರೂ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಆಟ ಶುರುಮಾಡುವ ಯಾವ ಓಪನಿಂಗ್‌ಗೂ ಹೊಂದುವುದಿಲ್ಲ ಅಂತ ತೀರ್ಮಾನಿಸಿದರು. ಟೂರ್ನಿ ಮುಗಿಯುವ ತನಕ ತಾಯತ ಅವರ ಜೇಬಿನಲ್ಲೇ ಇತ್ತು. ಮಗಳು ಮತ್ತೆ ಅರ್ಧ ಪಾಯಿಂಟಿಗೆ ನಾರ್ಮ್ ಕಳೆದುಕೊಂಡಳು.

ಕೊನೆಯ ದಿನ ಆ ತೀರ್ಪುಗಾರರು ನಮ್ಮೆಜಮಾನರನ್ನು ಪಕ್ಕಕ್ಕೆ ಕರೆದರು. ತಮ್ಮ ಮಗಳಿಗೆ ಪಿಯುಸಿ ಪರೀಕ್ಷೆ ಇದೆ, ಅಲ್ಲಿಯ ತನಕ ಅದನ್ನು ಇಟ್ಟುಕೊಳ್ಳಬಹುದಾ ಅಂತ ಸಂಕೋಚದಿಂದ ಕೇಳಿದರು. ಇವರು ಕೊಟ್ಟು ಬಂದರು. ಫಲಿತಾಂಶದ ದಿನ ಅವರೇ ಫೋನ್ ಮಾಡಿ ಮಗಳು ಫಸ್ಟ್ ಕ್ಲಾಸ್ ಅಂದರು. ಆ ಸುದ್ದಿ ಕೇಳಿ ಮಾವ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು.

"ಅರ್ಧ ಪಾಯಿಂಟು ಎಲ್ಲೋಯ್ತು ಎಲ್ಲೋಯ್ತು ಅಂತಿದ್ರಲ್ಲ," ಅಂದರು. "ಈಗ ಗೊತ್ತಾಯ್ತಾ?"

ಊಟಕ್ಕೆ ಬಂದ ಗ್ರ್ಯಾಂಡ್‌ಮಾಸ್ಟರು

ಕೊನೆಗೆ ಟೂರ್ನಿ ನಮ್ಮ ಮೈಸೂರಿಗೇ ಬಂತು. ಶ್ರೀರಾಂಪುರದ ಒಂದು ಕಲ್ಯಾಣ ಮಂಟಪದಲ್ಲಿ, ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ. ಹೊರದೇಶಗಳಿಂದಲೂ ಆಟಗಾರರು ಬಂದಿದ್ದರು. ಅವರಲ್ಲಿ ಒಬ್ಬರು ವಯಸ್ಸಾದ ಗ್ರ್ಯಾಂಡ್‌ಮಾಸ್ಟರು, ಆನೆಯಂಥ ಆಳು, ಬಿಳಿ ಗಡ್ಡ, ಮಗುವಿನಂಥ ನಗು. ಅವರಿಗೆ ಸಿದ್ಧಾರ್ಥನಗರದ ಲಾಡ್ಜಿನ ಊಟ ಹಿಡಿಸಲಿಲ್ಲ. ಊರಿನವರು ಯಾರಾದರೂ ಮಧ್ಯಾಹ್ನ ಮನೆ ಊಟ ಹಾಕುತ್ತೀರಾ ಅಂತ ವ್ಯವಸ್ಥಾಪಕರು ಕೇಳಿದಾಗ, ನಮ್ಮೆಜಮಾನರು ನನ್ನನ್ನು ಒಂದು ಮಾತೂ ಕೇಳದೆ ಕೈ ಎತ್ತಿಬಿಟ್ಟರು.

ಬಂದರು. ಅನ್ನ, ಸೊಪ್ಪಿನ ಸಾರು, ಮೊಸರು ಪ್ರೀತಿಯಿಂದ ಉಂಡರು. ಕೈ ತೊಳೆದು ಬರುವಷ್ಟರಲ್ಲಿ ಮಾವ ವರಾಂಡದಲ್ಲಿ ಹಲಗೆ ಹಾಸಿದ್ದರು. ಬಂದವರಿಗೆ ಕನ್ನಡ ಬಾರದು, ಮಾವನಿಗೆ ಕನ್ನಡ ಬಿಟ್ಟು ಇನ್ನೇನೂ ಬಾರದು. ಹಲಗೆ ಹಾಸಿದ ಮೇಲೆ ಇಬ್ಬರಿಗೂ ಅದರ ಚಿಂತೆಯಾಗಲಿಲ್ಲ. ಇನ್ನೇನು ಮಾವ ಸೋತರು ಅನ್ನುವಾಗ ಅವರ ರಾಜ ಕುದುರೆಯ ಹಾಗೆ ನೆಗೆದು ಹೊರಗೆ ನಿಂತ. ಗ್ರ್ಯಾಂಡ್‌ಮಾಸ್ಟರು ಹಲಗೆ ನೋಡಿದರು, ಮಾವನ ಮುಖ ನೋಡಿದರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮಾರನೆಯ ದಿನ ಊಟಕ್ಕಿಂತ ಮೊದಲು ಹಲಗೆ ಕೇಳಿದರು. ಅವತ್ತು ಆನೆ ಸತ್ತ ಮೇಲೆ ಮಂತ್ರಿ ಕೂರುವ ಕ್ರಮ ಹೊರಬಂತು.

ಇತ್ತ ಮಗಳು ಆ ಟೂರ್ನಿಯಲ್ಲಿ ಯಾವತ್ತೂ ಆಡದ ಹಾಗೆ ಆಡಿದಳು. ಒಂದೇ ಸುತ್ತು ಉಳಿದಿತ್ತು. ಡ್ರಾ ಮಾಡಿಕೊಂಡರೂ ಮೂರನೆಯ ನಾರ್ಮ್, ಅಂದರೆ ಪಟ್ಟ. ಆದರೆ ಅಲ್ಲಿಯ ತನಕ ಅವಳಿಗೆ ಎದುರಾದ ಗ್ರ್ಯಾಂಡ್‌ಮಾಸ್ಟರುಗಳು ಇಬ್ಬರೇ. ಮೂರನೆಯವರು ಬೇಕೇ ಬೇಕು. ಹಿಂದಿನ ಸಂಜೆ ಜೋಡಿಗಳ ಪಟ್ಟಿ ಹಾಕಿದರು. ಮೂರನೆಯವರು ಯಾರು ಅಂದರೆ, ನಮ್ಮ ಮನೆಯ ಅನ್ನ ಉಂಡವರೇ.

ಮಗಳು ಮನೆಗೆ ಬಂದವಳೇ, ನಾಳೆ ಅವರು ನಮ್ಮ ಮನೆಗೆ ಬರುವುದು ಬೇಡ, ನೋಡಿದವರು ಬೇರೆ ಅರ್ಥ ಮಾಡಿಕೊಳ್ಳುತ್ತಾರೆ ಅಂದಳು. ಸರಿಯಾದ ಮಾತು. ನಾಳೆ ಊಟ ಲಾಡ್ಜಿಗೇ ಕಳಿಸಿ ಅಂತ ವ್ಯವಸ್ಥಾಪಕರಿಗೆ ಹೇಳಿದೆ. ಏನಾಯ್ತು ಏನಾಯ್ತು ಅಂತ ಹಾಳಾದ ಫೋನುಗಳು ಬಂದು ಜೀವ ತಿನ್ನುವುದು ಬೇಡ ಅಂತ ಮಾವನ ಫೋನ್ ನಾನೇ ಆಫ್ ಮಾಡಿಟ್ಟೆ. ನಾಳೆ ಅವರು ಬರುವುದಿಲ್ಲ ಮಾವ ಅಂತಲೂ ಹೇಳಿದೆ. ಮಾವ ಹೂಂ ಅಂದರು. ಆ ಹೂಂ ಅಷ್ಟು ಬೇಗ ಯಾಕೆ ಬಂತು ಅಂತ ನಾನು ಯೋಚಿಸಬೇಕಾಗಿತ್ತು.

ದಿನಾ ಆಟ ಮೂರು ಗಂಟೆಗೆ. ಕೊನೆಯ ದಿನ ಬಹುಮಾನ ಕೊಡುವುದಿರುತ್ತದೆ ಅಂತ ಒಂದು ಗಂಟೆಗೇ ಇಟ್ಟಿದ್ದರು. ಒಂದಾಯಿತು. ಬಾಗಿಲ ಗಾಜಿನಿಂದ ನೋಡಿದೆ. ಮಗಳು ಕೂತಿದ್ದಾಳೆ, ಎದುರಿನ ಕುರ್ಚಿ ಖಾಲಿ. ಅವರದು ಬಿಳಿ ಕಾಯಿ, ಅವರ ಗಡಿಯಾರ ಓಡುತ್ತಿದೆ. ಅರ್ಧ ಗಂಟೆಯೊಳಗೆ ಬಂದು ಕೂರದಿದ್ದರೆ ಆಟವೇ ಇಲ್ಲ, ಮಗಳಿಗೆ ಸುಮ್ಮನೆ ಪಾಯಿಂಟ್ ಕೊಡುತ್ತಾರೆ. ಪಕ್ಕದ ಕುರ್ಚಿಯ ತಾಯಿಯೊಬ್ಬರು ನನ್ನ ಕೈ ಹಿಡಿದು ಕಂಗ್ರಾಟ್ಸ್ ಹೇಳಿದರು. ಆಡದೆ ಗೆದ್ದಳಲ್ಲ, ಪುಣ್ಯ ಮಾಡಿದ್ದೀರಿ ಅಂದರು. ಆಡದೆ ಬಂದ ಪಾಯಿಂಟ್ ನಾರ್ಮಿಗೆ ಲೆಕ್ಕಕ್ಕಿಲ್ಲ ಅಂತ ಅವರಿಗೆ ಗೊತ್ತಿಲ್ಲ. ಬಂದು ಕೂತು ನನ್ನ ಮಗಳ ಜೊತೆ ಹೊಡೆದಾಡಪ್ಪ ಅಂತ ಎದುರಾಳಿಗೋಸ್ಕರ ದೇವರಿಗೆ ಹರಕೆ ಹೊತ್ತ ತಾಯಿ ನಾನೊಬ್ಬಳೇ ಇರಬೇಕು.

ಇವರು ಲಾಡ್ಜಿಗೆ ಫೋನ್ ಮಾಡಿದರು. ಆವಾಗಲೇ ಆಟೋ ಹತ್ತಿ ಹೋದರಲ್ಲ ಅಂತ ಲಾಡ್ಜಿನವರು ಅಂದರು. ಎಲ್ಲಿಗೆ ಅಂತ ಅವರಿಗೆ ಗೊತ್ತಿಲ್ಲ. ಆಟೋ ಎಲ್ಲಾದರೂ ಕೆಟ್ಟು ನಿಂತಿದೆಯೇನೋ ಅಂತ ಇವರು ಯಾರದೋ ಬೈಕಿನಲ್ಲಿ ಸಿದ್ಧಾರ್ಥನಗರದ ದಾರಿ ಹಿಡಿದು ಹೊರಟರು. ಒಳಗೆ ಮಗಳು ಖಾಲಿ ಕುರ್ಚಿಯನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿ ಹೇಳಲು ಅವತ್ತು ಯಾರೂ ಬೇಕಾಗಿರಲಿಲ್ಲ. ಅಷ್ಟರಲ್ಲಿ ಎದುರುಮನೆಯಾಕೆ ಫೋನ್ ಮಾಡಿದರು.

"ನೀವೆಲ್ಲಿದ್ದೀರ್ರೀ? ನಿಮ್ಮ ವರಾಂಡದಲ್ಲಿ ಆ ಫಾರಿನ್ನೋರು ತಲೆ ಮೇಲೆ ಕೈ ಹೊತ್ತು ಕೂತವ್ರೆ. ನಿಮ್ಮ ಮಾವ ಏಳಕ್ಕೇ ಬಿಡ್ತಿಲ್ಲ."

ಸ್ಕೂಟರನ್ನು ಹೇಗೆ ಓಡಿಸಿದೆ ಅಂತ ನನಗೆ ನೆನಪಿಲ್ಲ. ಎಷ್ಟು ಹಂಪ್ ಹಾರಿದೆ ಅಂತ ಮಾರನೆಯ ದಿನ ನನ್ನ ಸೊಂಟ ಹೇಳಿತು. ವರಾಂಡದಲ್ಲಿ ಇಬ್ಬರೂ ಹಲಗೆಯ ಮೇಲೆ ಬಾಗಿದ್ದರು. ಪಕ್ಕದಲ್ಲಿ ಚಕ್ಕುಲಿ ತಟ್ಟೆ ಖಾಲಿಯಾಗಿತ್ತು. ಇವರಿಬ್ಬರೂ ಹಿಂದಿನ ದಿನವೇ ಸನ್ನೆಯಲ್ಲಿ ಗೊತ್ತುಮಾಡಿಕೊಂಡಿದ್ದರಂತೆ. ಗ್ರ್ಯಾಂಡ್‌ಮಾಸ್ಟರು ಆಟ ಮೂರಕ್ಕೆ ಅಂದುಕೊಂಡು ನಿಶ್ಚಿಂತೆಯಿಂದ ಬಂದಿದ್ದರು. ಒಂದಕ್ಕೇ ಶುರುವಾಯಿತು ಅಂತ ನನ್ನ ಸ್ಕೂಲಿನ ಇಂಗ್ಲಿಷಿನಲ್ಲಿ ಕೂಗಿ ಹೇಳಿದೆ. ಅವರು ಗಡಿಯಾರ ನೋಡಿಕೊಂಡರು, ಮುಖ ಬಿಳುಚಿಕೊಂಡಿತು. ಆದರೆ ಏಳಲಿಲ್ಲ. ಅವರ ಬೆರಳು ಒಂದು ಕುದುರೆಯ ಮೇಲಿತ್ತು, ಅದನ್ನು ಎಲ್ಲಿಗೆ ನಡೆಸುವುದು ಅಂತ ಇನ್ನೂ ತೀರ್ಮಾನವಾಗಿರಲಿಲ್ಲ.

"ಮುಟ್ಟವ್ನೆ ಕಣವ್ವ," ಅಂದರು ಮಾವ. "ಮುಟ್ಟಿದ ಕಾಯಿ ನಡಸ್ದೆ ಎದ್ದೋಗಕ್ಕಾಯ್ತದಾ? ಇಲ್ಲಾ ಸೋತೆ ಅನ್ಲಿ, ಬುಟ್ಬುಡ್ತೀನಿ."

ಮೊಮ್ಮಗಳ ಪಟ್ಟ ಹೋಗುತ್ತದೆ ಮಾವ ಅಂದೆ. ಅದು ಬೇರೆ ಇದು ಬೇರೆ ಅಂದರು. ಆ ಹೊರದೇಶದವರನ್ನಾದರೂ ಒಪ್ಪಿಸೋಣ ಅಂತ, ಸಾರ್, ದಯವಿಟ್ಟು ಸೋತೆ ಅಂದುಬಿಡಿ ಅಂತ ಕೈಮುಗಿದೆ. ಅವರು ನನ್ನನ್ನು ನೋಡಿ ನಿಧಾನವಾಗಿ ತಲೆ ಅಲ್ಲಾಡಿಸಿದರು. ತಾವು ಗೆಲ್ಲುತ್ತಿದ್ದೇವೆ ಅಂತ ಅವರಿಗೆ ಗೊತ್ತಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಮಾವನಿಗೆ ಎದುರಾಡಿದವಳಲ್ಲ. ಅವತ್ತು ಕೈಚಾಚಿ ಮಾವನ ರಾಜನನ್ನು ಹಲಗೆಯ ಮೇಲೆ ಮಲಗಿಸಿ, ನಮ್ಮವರು ಸೋತರು, ಏಳಿ ಅಂದೆ.

ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು, ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಬಂದವಳನ್ನು ನೋಡುವ ಹಾಗೆ. ನಾನು ಗ್ರ್ಯಾಂಡ್‌ಮಾಸ್ಟರ ತೋಳು ಹಿಡಿದು ಎಬ್ಬಿಸಿ ಸ್ಕೂಟರಿನ ಹಿಂದೆ ಕೂರಿಸಿದೆ. ಅವರು ಕೂತ ಭಾರಕ್ಕೆ ಮುಂದಿನ ಚಕ್ರ ತೇಲಿದ ಹಾಗಾಯಿತು. ಮಂಟಪ ತಲುಪಿದಾಗ ಇನ್ನೆರಡು ನಿಮಿಷವಿತ್ತು. ಅವರು ಓಡಿಹೋಗಿ ಕೂತು, ಮಗಳ ಕೈ ಕುಲುಕಿ, ಏದುಸಿರು ಬಿಡುತ್ತಾ ಸಿಪಾಯಿ ನಡೆಸಿದರು. ನಾನು ಮುಖ್ಯ ತೀರ್ಪುಗಾರರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವರು ನಿಯಮದ ಪುಸ್ತಕ ತಿರುವಿದರು. ಎದುರಾಳಿಯ ತಾಯಿ ಸ್ಕೂಟರಿನಲ್ಲಿ ಕರೆದುಕೊಂಡು ಬರಬಾರದು ಅಂತ ನಿಯಮದಲ್ಲಿ ಎಲ್ಲೂ ಇಲ್ಲ ಅಂದರು.

ಆಟ ಸಂಜೆಯ ತನಕ ನಡೆಯಿತು. ಆ ಮನುಷ್ಯ ಅನ್ನದ ಋಣ ಅಂತ ಒಂದು ಸಿಪಾಯಿಯನ್ನೂ ಬಿಟ್ಟುಕೊಡಲಿಲ್ಲ. ಮಗಳೂ ಬಿಡಲಿಲ್ಲ. ಹುಡುಕಿ ವಾಪಸು ಬಂದ ನಮ್ಮೆಜಮಾನರು ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನು ಗಾಜಿಗೆ ಮೂಗು ಒತ್ತಿಕೊಂಡಿದ್ದೆ. ಕೊನೆಗೆ ಇಬ್ಬರೂ ಕೈಕುಲುಕಿ ರಾಜರನ್ನು ಎತ್ತಿ ನಡುವೆ ನಿಲ್ಲಿಸಿದರು. ಈ ಸಲ ನಾನು ಸರಿಯಾಗಿ ನೋಡಿದೆ. ಒಬ್ಬ ಬಿಳಿ ಮನೆಯಲ್ಲಿದ್ದ, ಒಬ್ಬ ಕಪ್ಪು ಮನೆಯಲ್ಲಿದ್ದ. ಅಳಬೇಕಾದ ಕಾರಣವೇ ಇರಲಿಲ್ಲ. ಆದರೂ ಅತ್ತೆ. ಇವರು ಓಡಿಬಂದು, ಹೋಗಲಿ ಬಿಡೇ ಅಂತ ಸಮಾಧಾನ ಮಾಡತೊಡಗಿದರು. ಪಟ್ಟ ಬಂತು ಕಣ್ರೀ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಬಹುಮಾನವೆಲ್ಲ ಮುಗಿದ ಮೇಲೆ ಆ ಗ್ರ್ಯಾಂಡ್‌ಮಾಸ್ಟರು ನಮ್ಮ ಹತ್ತಿರ ಬಂದರು. ಮಗಳಿಗೆ ಅಭಿನಂದನೆ ಹೇಳಿ, ಆಮೇಲೆ ನನ್ನ ಕಡೆ ತಿರುಗಿದರು. ಸೋತೆ ಅಂತ ಆಡಿದವರೇ ಹೇಳಬೇಕು, ಅವರ ಸೊಸೆ ಹೇಳಿದರೆ ನಡೆಯುವುದಿಲ್ಲ, ಆಟ ಇನ್ನೂ ಮುಗಿದಿಲ್ಲ ಅಂತ ಮಗಳ ಮೂಲಕ ತಿಳಿಸಿದರು. ಎಲ್ಲರೂ ಮನೆಗೆ ಬಂದೆವು. ಮಾವ ನಾವು ಬಿಟ್ಟು ಹೋದ ಜಾಗದಲ್ಲೇ ಹಲಗೆ ಕಾಯುತ್ತಾ ಕೂತಿದ್ದರು. ಮಲಗಿಸಿದ ರಾಜ ಎದ್ದು ನಿಂತಿದ್ದ. ಮೊಮ್ಮಗಳು ಕಾಲಿಗೆ ಬಿದ್ದು ಪಟ್ಟ ಬಂತು ತಾತ ಅಂದಾಗ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಬೆನ್ನು ಸವರಿದರು. ಆಮೇಲೆ ಕಣ್ಣೊರೆಸಿಕೊಂಡು, ಕುದುರೆ ಮುಟ್ಟಿದ್ದ ಅಂತ ಜ್ಞಾಪಿಸಿದರು.

ಆಟ ಮುಂದುವರಿಯಿತು. ಮಾವನ ರಾಜನ ನೆಗೆತ ಆಗಲೇ ಮುಗಿದಿತ್ತು, ಮಂತ್ರಿ ಕೂರುವ ಕ್ರಮವೂ ಮುಗಿದಿತ್ತು. ಇನ್ನು ಉಳಿಯುವ ಹಾಗಿರಲಿಲ್ಲ. ಆಗ ಮಾವನಿಗೆ, ನೆಂಟರು ನಡುವೆ ಎದ್ದುಹೋದ ಆಟದಲ್ಲಿ ಮನೆಯವರ ರಾಜ ಇನ್ನೊಂದು ಸಲ ನೆಗೆಯಬಹುದು ಅನ್ನುವ ಕ್ರಮ ನೆನಪಾಯಿತು. ಗ್ರ್ಯಾಂಡ್‌ಮಾಸ್ಟರು ತುಂಬಾ ಹೊತ್ತು ಹಲಗೆ ನೋಡಿದರು. ಕೊನೆಗೆ ತಮ್ಮ ರಾಜನನ್ನು ತಾವೇ ಮಲಗಿಸಿ, ಎದ್ದು ನಿಂತು ಮಾವನ ಕೈ ಕುಲುಕಿದರು.

ಮಾವ ಗಂಭೀರವಾಗಿ, ಇವರು ಅದೇ ಪಟ್ಟದವರು ತಾನೇ, ಇವರನ್ನು ಸೋಲಿಸಿದವರಿಗೂ ಆ ಪಟ್ಟ ಕೊಡುತ್ತಾರಾ ಅಂತ ಮೊಮ್ಮಗಳನ್ನು ಕೇಳಿದರು. ಅವಳು ನಗು ತಡೆದುಕೊಂಡು, ಒಬ್ಬರನ್ನ ಸೋಲಿಸಿದರೆ ಸಾಲದು ತಾತ, ಅಂಥವರು ಮೂವರ ಜೊತೆ ಆಡಿರಬೇಕು ಅಂದಳು.

ಮಾವ ಕಾಯಿಗಳನ್ನು ಮತ್ತೆ ಮೊದಲಿನಿಂದ ಜೋಡಿಸುತ್ತಾ ನನ್ನ ಕಡೆ ತಿರುಗಿದರು.

"ಇನ್ನಿಬ್ರು ಎಲ್ಲವ್ರೆ ನೋಡವ್ವ," ಅಂದರು. "ನಾಳೆ ಊಟುಕ್ಕೆ ಕರ್ದುಬುಡು."